ಹದಿನೆಂಟು ಸೀಸನ್ ಬರೆದ ಸ್ಕೋರ್‌ಬುಕ್: ಐದಕ್ಕೆ ನಾಲ್ಕು ಸ್ಟಾರ್

ನಾನು ಅಮೆರಿಕದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಸಂಜೆ ಹೊತ್ತು ಬೇಸ್‌ಬಾಲ್ ಕೋಚ್. ಮೊದಲ ಸಲ ತಂಡಕ್ಕೆ ಕರೆದಾಗ ನನಗೆ ಆಟವೇ ಸರಿಯಾಗಿ ಗೊತ್ತಿರಲಿಲ್ಲ. ಆಗಿನ ಹೆಡ್ ಕೋಚ್‌ಗೆ ಬೇಕಿದ್ದದ್ದು ಬೆಂಚಿನ ಮೇಲೆ ಕೂತು ಬೇಸರವಿಲ್ಲದೆ ಸ್ಕೋರ್ ಬರೆಯುವ ಒಬ್ಬ ಮನುಷ್ಯ. ಕಾಲೇಜಿನಲ್ಲಿ ಕ್ರಿಕೆಟ್ ಸ್ಕೋರ್ ಬರೆದಿದ್ದೆ. ಆ ಧೈರ್ಯದಲ್ಲಿ ಹೂಂ ಅಂದೆ. 2007ರಿಂದ 2024ರವರೆಗೆ ಪ್ರತಿ ಸೀಸನ್‌ಗೂ ಒಂದೇ ಥರದ ಸ್ಪೈರಲ್ ಸ್ಕೋರ್‌ಬುಕ್ ಕೊಂಡಿದ್ದೇನೆ. ಈಗ ಹೆಡ್ ಕೋಚ್ ಆದ ಮೇಲೂ ಪುಸ್ತಕ ಬಿಟ್ಟುಕೊಟ್ಟಿಲ್ಲ. ಮೂರನೇ ಬೇಸ್ ಪಕ್ಕ ನಿಂತು ಸನ್ನೆ ಮಾಡುವ ಕೆಲಸವನ್ನೇ ಇನ್ನೊಬ್ಬರಿಗೆ ಕೊಟ್ಟಿದ್ದೇನೆ.

ಪುಸ್ತಕ ಹತ್ತು ಡಾಲರ್ ಆಸುಪಾಸು. ಮೂವತ್ತು ಪಂದ್ಯ ಹಿಡಿಸುತ್ತದೆ. ಸ್ಪೈರಲ್ ಇರುವುದರಿಂದ ತೊಡೆ ಮೇಲೆ ಮಡಚಿ ಇಟ್ಟುಕೊಳ್ಳಬಹುದು. ಹಿಂದಿನ ರಟ್ಟು ಗಟ್ಟಿ. ಮುಂದಿನದು ಏಪ್ರಿಲ್ ಬರುವಷ್ಟರಲ್ಲಿ ಕಿತ್ತು ಬರುತ್ತದೆ, ಟೇಪ್ ಹಾಕಿಕೊಳ್ಳಿ.

ಈ ಪುಟ ನೋಡದವರಿಗೆ ಸ್ವಲ್ಪ ವಿವರಣೆ ಬೇಕು. ಒಬ್ಬ ಬ್ಯಾಟರ್‌ಗೆ ಒಂದು ಸಾಲು, ಒಂದು ಇನಿಂಗಿಗೆ ಒಂದು ಕಾಲಂ. ಪ್ರತಿ ಚೌಕದೊಳಗೆ ಮೈದಾನದ ಚಿಕ್ಕ ವಜ್ರಾಕೃತಿ, ಅದರ ನಾಲ್ಕು ಮೂಲೆಯೇ ನಾಲ್ಕು ಬೇಸ್. ಹುಡುಗ ಎಷ್ಟು ಬೇಸ್ ಓಡಿದನೋ ಅಷ್ಟು ಗೆರೆ ಎಳೆಯುವುದು, ಸುತ್ತು ಮುಗಿಸಿ ರನ್ ಮಾಡಿದರೆ ಒಳಗೆಲ್ಲ ಪೆನ್ಸಿಲ್ ಬಳಿಯುವುದು. ಫೀಲ್ಡರ್‌ಗಳಿಗೆ ಹೆಸರಿಲ್ಲ, ನಂಬರ್ ಮಾತ್ರ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂರುವ ಕ್ಯಾಚರ್ 2, ಎರಡನೇ ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೀಗೆ. 6-4-3 ಅಂತ ಬರೆದರೆ ಚೆಂಡು ಶಾರ್ಟ್‌ಸ್ಟಾಪ್ ಕೈಯಿಂದ ಎರಡನೇ ಬೇಸಿನವನಿಗೆ (4), ಅಲ್ಲಿಂದ ಮೊದಲನೇ ಬೇಸಿನವನಿಗೆ (3) ಹೋಯಿತು, ಇಬ್ಬರು ಔಟ್. ಕ್ರಿಕೆಟ್ ಸ್ಕೋರಿನಲ್ಲಿ ಕ್ಯಾಚ್ ಹಿಡಿದವನ ಹೆಸರು ಬಂದರೆ ಮುಗಿಯಿತು. ಇಲ್ಲಿ ಚೆಂಡು ಮುಟ್ಟಿದವರೆಲ್ಲ ಬರುತ್ತಾರೆ. ಅದಕ್ಕೇ ಹಳೆಯ ಪುಟ ತೆರೆದರೆ ಹುಡುಗರು ಓಡಾಡುವುದು ಕಾಣಿಸುತ್ತದೆ.

ಈಗ ದೊಡ್ಡ ತಕರಾರು. ಪ್ರತಿ ಆಟಗಾರನ ಕೆಳಗೆ ಬದಲಿ ಆಟಗಾರನಿಗೆ ಒಂದೇ ಗೆರೆ ಕೊಟ್ಟಿದ್ದಾರೆ. ವೃತ್ತಿಪರರ ಮೇಜರ್ ಲೀಗಿನಲ್ಲಾದರೆ ಹೊರಗೆ ಹೋದವನು ಮತ್ತೆ ಒಳಗೆ ಬರುವಂತಿಲ್ಲ. ಹೈಸ್ಕೂಲ್ ನಿಯಮ ಬೇರೆ. ಆಟ ಶುರು ಮಾಡಿದವನು ಒಂದು ಸಲ ಹೊರಗೆ ಹೋಗಿ ಅದೇ ಜಾಗಕ್ಕೆ ವಾಪಸ್ ಬರಬಹುದು. ಅಂದರೆ ಮೂರು ಗೆರೆ ಬೇಕು. ಹೈಸ್ಕೂಲಿಗೆ ಅಂತಲೇ ಮಾರುವ ಪುಸ್ತಕದಲ್ಲಿ ಇಷ್ಟೂ ಯೋಚಿಸಬಾರದಾ? ಇನ್ನು ಕರ್ಟಸಿ ರನ್ನರ್‌ಗಂತೂ ಜಾಗವೇ ಇಲ್ಲ. ಪಿಚರ್ ಅಥವಾ ಕ್ಯಾಚರ್ ಬೇಸ್ ತಲುಪಿದ ಮೇಲೆ ಅವನ ಬದಲು ಓಡಲು ಬೆಂಚಿನಿಂದ ಒಬ್ಬನನ್ನು ಕಳಿಸಬಹುದು. ಅವನು ಓಡಿ ಬಂದು ಮತ್ತೆ ಬೆಂಚಿನಲ್ಲಿ ಕೂರುತ್ತಾನೆ.

ನಮ್ಮಲ್ಲಿ 22ನೇ ನಂಬರಿನ ಒಬ್ಬ ಹುಡುಗ ಇದ್ದ. ಬ್ಯಾಟು ಹಿಡಿದರೆ ಚೆಂಡು ಸಿಗುತ್ತಿರಲಿಲ್ಲ. ಕಾಲು ಮಾತ್ರ ಜಿಂಕೆಯದು. ನಮ್ಮ ಕ್ಯಾಚರ್ ದಪ್ಪ ಆಸಾಮಿ, ಹಿಟ್ ಹೊಡೆಯುತ್ತಿದ್ದ, ಓಡಲು ಆಗುತ್ತಿರಲಿಲ್ಲ. ಎರಡು ವರ್ಷ ಇವನ ಹಿಟ್‌ಗೆ ಅವನು ಓಡಿದ. 22ರ ಹೆಸರಿನ ಸಾಲು ಹುಡುಕಿದರೆ ಪುಸ್ತಕದಲ್ಲಿ ಏನೂ ಸಿಗುವುದಿಲ್ಲ. ಕ್ಯಾಚರ್‌ನ ಚೌಕಗಳೊಳಗೆ, ಮೊದಲ ಬೇಸಿನ ಮೂಲೆಯಲ್ಲಿ, ಸೊಳ್ಳೆ ಗಾತ್ರದಲ್ಲಿ ನಾನು ಬರೆದ 22 ಇದೆ. ಅಲ್ಲಿಂದ ಮುಂದಿನ ಗೆರೆಯೆಲ್ಲ ಅವನದು. ಅವನ ಇಡೀ ಹೈಸ್ಕೂಲ್ ಬೇಸ್‌ಬಾಲ್ ಇನ್ನೊಬ್ಬನ ಮನೆಯಲ್ಲಿ ಬಾಡಿಗೆಗಿದೆ. ಇದಕ್ಕೇ ನಾನು ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದು.

ಫೋನಿನ ಆ್ಯಪ್ ಬಂದ ಮೇಲೂ ಪುಸ್ತಕ ಯಾಕೆ ಅಂತ ಕೇಳುತ್ತಾರೆ. ಆ್ಯಪ್ ಒಳ್ಳೆಯದೇ. ಅಪ್ಪ ಅಮ್ಮ ಆಫೀಸಿನಲ್ಲಿ ಕೂತು ನೋಡಬಹುದು, ಸರಾಸರಿ ತಾನೇ ಲೆಕ್ಕ ಹಾಕುತ್ತದೆ. ನಮ್ಮಲ್ಲೂ ಒಬ್ಬ ತಂದೆ ಅದನ್ನು ನಡೆಸುತ್ತಾರೆ. ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲ, ಮಾರ್ಚ್ ಚಳಿಗೆ ಬ್ಯಾಟರಿ ಕುಸಿಯುತ್ತದೆ, ಅಷ್ಟೇ ನನ್ನ ದೂರು.

ಆದರೆ ಸಾಲಾಗಿ ಜೋಡಿಸಿಟ್ಟ ಪುಸ್ತಕಗಳನ್ನು ಸುಮ್ನೆ ತಿರುವುತ್ತಾ ಹೋದರೆ ಗೊತ್ತಾಗುವುದೇ ಬೇರೆ. 2011ರ ಪುಸ್ತಕ ಕಪ್ಪಗಿದೆ, ಪುಟಪುಟಕ್ಕೂ ಬಳಿದ ವಜ್ರಗಳು. 2012ರದ್ದು ಬೆಳ್ಳಗಿದೆ. ಆ ವರ್ಷ ಹೈಸ್ಕೂಲಿನ ಮೆಟಲ್ ಬ್ಯಾಟುಗಳಿಗೆ ಬಿಬಿಕಾರ್ ಎಂಬ ಹೊಸ ಮಾನದಂಡ ಬಂತು. ಚೆಂಡು ಮೊದಲಿನಷ್ಟು ಚಿಮ್ಮದ ಹಾಗೆ ಬ್ಯಾಟಿನ ಕಸುವಿಗೆ ಮಿತಿ ಹಾಕಿದರು. ಹನ್ನೊಂದನೇ ಕ್ಲಾಸಿನಲ್ಲಿ ಬೇಲಿ ದಾಟಿಸುತ್ತಿದ್ದ ನಮ್ಮ 34ನೇ ನಂಬರ್ ಹನ್ನೆರಡಕ್ಕೆ ಬಂದಾಗ ಸಾಲಿಗೆ ಸಾಲೇ ಎಫ್-8, ಎಫ್-8. ಎಲ್ಲ ಸೆಂಟರ್‌ಫೀಲ್ಡರ್ ಕೈಗೆ ಕ್ಯಾಚ್. ತನ್ನ ಕೈಯೇ ಕೆಟ್ಟಿತು ಅಂತ ಕೊರಗುತ್ತಿದ್ದ. ಎದುರು ತಂಡಗಳ ಪುಟ ತೆಗೆದು ತೋರಿಸಿದೆ, ಅವರದ್ದೂ ಅದೇ ಕಥೆ. ನಂಬಲಿಲ್ಲ. ಹದಿನೇಳು ವಯಸ್ಸಿಗೆ ಅಂಕಿಅಂಶ ಸಮಾಧಾನ ಕೊಡುವುದಿಲ್ಲ ಅಲ್ವಾ.

2009ರ ಪುಸ್ತಕ ನಾನು ಜಾಸ್ತಿ ತೆಗೆಯುವುದಿಲ್ಲ. ಅಲ್ಲಿ ಒಬ್ಬ ಪಿಚರ್ ಇದ್ದಾನೆ. ಒಂದು ಸಂಜೆ ಏಳು ಇನಿಂಗಿಗೆ ಮುಗಿಯದೆ ಮುಂದೆ ಹೋದ ಪಂದ್ಯದಲ್ಲಿ ಒಂಬತ್ತು ಇನಿಂಗ್ ಒಬ್ಬನೇ ಎಸೆದ. ಆಗ ನಮ್ಮ ಕಡೆ ಇನಿಂಗಿನ ಲೆಕ್ಕ ಇತ್ತು, ಎಸೆತದ ಲೆಕ್ಕ ಇರಲಿಲ್ಲ. ಎಸೆತ ಎಣಿಸಿ ಮಿತಿ ಹಾಕಬೇಕು ಎಂಬ ನಿಯಮ ಹೈಸ್ಕೂಲುಗಳಿಗೆ ಬಂದದ್ದು 2017ಕ್ಕೆ. ಚೌಕದ ಮೂಲೆಯಲ್ಲಿ ಎಸೆತಕ್ಕೊಂದರಂತೆ ನಾನೇ ಇಟ್ಟ ಚುಕ್ಕಿಗಳನ್ನು ಎಷ್ಟೋ ವರ್ಷದ ಮೇಲೆ ಕೂಡಿ ನೋಡಿದೆ. 140 ದಾಟಿತ್ತು. ಬೆಂಚಿನ ಮೇಲೆ ಕೂತು ಚುಕ್ಕಿ ಇಟ್ಟವನು ನಾನು, ಕೂಡಿ ಹೇಳಬೇಕು ಅಂತ ಹೊಳೆಯಲೇ ಇಲ್ಲ. ಲೆಕ್ಕದ ಮೇಷ್ಟ್ರು ಬೇರೆ. ಈಗಿನ ಪುಸ್ತಕಗಳಲ್ಲಿ ಪುಟದ ಕೆಳಗೆ ಎಸೆತ ಎಣಿಸಲು ಪಟ್ಟಿ ಕೊಟ್ಟಿದ್ದಾರೆ. ಅಂಕಿ ಸಣ್ಣದು, ಆದರೂ ಇದೆ.

2020ರದ್ದರಲ್ಲಿ ಮೂರು ಪಂದ್ಯ. ಕೋವಿಡ್ ಬಂದು ಸೀಸನ್ ನಿಂತಿತು. ನಾಲ್ಕನೇ ಪುಟದಲ್ಲಿ ಆಟಗಾರರ ಪಟ್ಟಿ ಬರೆದು ಇಟ್ಟಿದ್ದೆ, ಚೌಕಗಳೆಲ್ಲ ಖಾಲಿ. ಉಳಿದ ಹಾಳೆ ಮುಂದಿನ ವರ್ಷಕ್ಕೆ ಬಳಸಬಹುದಿತ್ತು. ಹೊಸದು ಕೊಂಡೆ.

ಇನ್ನು ಕಾಗದ. ಪೆನ್ನಿನಲ್ಲಿ ಬರೆಯಬೇಡಿ, ಮಳೆ ಹನಿ ಬಿದ್ದರೆ ಎರಡು ಇನಿಂಗ್ ಹೋಯಿತು ಅಂತಲೇ. ಪೆನ್ಸಿಲ್‌ಗೆ ಚೆನ್ನಾಗಿದೆ. ರಬ್ಬರ್ ಹಾಕಿದರೂ ಹರಿಯುವುದಿಲ್ಲ. ಆದರೆ ಅಳಿಸಿದ್ದು ಪೂರ್ತಿ ಹೋಗುವುದಿಲ್ಲ, ಪೆನ್ಸಿಲ್ ಒತ್ತಿದ ಗುರುತು ಉಳಿಯುತ್ತದೆ. ಇದು ಗುಣವೋ ದೋಷವೋ ನೀವೇ ಹೇಳಿ.

2013ರಲ್ಲಿ ನಮ್ಮ ಮೈದಾನದಲ್ಲೇ ಒಂದು ಪಂದ್ಯ. ನಮ್ಮ ಪಿಚರ್ ಆರನೇ ಇನಿಂಗಿನವರೆಗೆ ಒಂದೂ ಹಿಟ್ ಕೊಟ್ಟಿರಲಿಲ್ಲ, ಅಂದರೆ ಫೀಲ್ಡರ್ ತಪ್ಪಿಲ್ಲದೆ ಚೆಂಡು ಹೊಡೆದು ಬೇಸ್ ಮುಟ್ಟಿದವರು ಯಾರೂ ಇಲ್ಲ. ಹೈಸ್ಕೂಲಿನಲ್ಲಿ ಏಳೇ ಇನಿಂಗ್. ಆಗ ಒಂದು ಚೆಂಡು ಮೆಲ್ಲಗೆ ಉರುಳುತ್ತಾ ಶಾರ್ಟ್‌ಸ್ಟಾಪ್ ಕಡೆ ಬಂತು. ಹುಡುಗ ಮುಂದೆ ಓಡಿ ಬರಿಗೈಯಲ್ಲಿ ಎತ್ತಲು ನೋಡಿದ, ಜಾರಿತು. ಬ್ಯಾಟರ್ ಮೊದಲ ಬೇಸ್ ಮುಟ್ಟಿದ. ಇದು ಹಿಟ್ಟೋ ಫೀಲ್ಡರ್ ಎರರ್ರೋ? ಸಾಮಾನ್ಯ ಪ್ರಯತ್ನಕ್ಕೆ ಔಟ್ ಆಗುತ್ತಿತ್ತು ಅನ್ನಿಸಿದರೆ ಮಾತ್ರ ಎರರ್. ತೀರ್ಮಾನ ಸ್ಕೋರ್ ಬರೆಯುವವನದು, ಆತಿಥೇಯ ತಂಡದ ಪುಸ್ತಕವೇ ಅಧಿಕೃತ. ನಾನು ಇ-6 ಬರೆದೆ. ಎರರ್, ಶಾರ್ಟ್‌ಸ್ಟಾಪ್. ಪಂದ್ಯ ಮುಗಿದಾಗ ಪಿಚರ್‌ಗೆ ನೋ-ಹಿಟರ್, ಅಂದರೆ ಇಡೀ ಪಂದ್ಯದಲ್ಲಿ ಒಂದೂ ಹಿಟ್ ಕೊಡದ ಹೆಗ್ಗಳಿಕೆ, ಸಿಕ್ಕಿತು. ಎಲ್ಲರೂ ಅವನ ಮೇಲೆ ಬಿದ್ದು ಕುಣಿದರು, ಶಾರ್ಟ್‌ಸ್ಟಾಪ್ ಹುಡುಗನೂ.

ಹೋದ ವಸಂತದಲ್ಲಿ ಆ ಶಾರ್ಟ್‌ಸ್ಟಾಪ್ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಪ್ರಾಕ್ಟೀಸ್ ನೋಡಲು ಬಂದಿದ್ದ. ಗಡ್ಡ ಬಿಟ್ಟಿದ್ದಾನೆ. ಅದೂ ಇದೂ ಮಾತಾಡಿ ಆಮೇಲೆ ನಗುತ್ತಲೇ ಕೇಳಿದ, "ಕೋಚ್, ಅದು ಹಿಟ್ ಅಲ್ವಾ?"

ಆಫೀಸಿಗೆ ಕರೆದುಕೊಂಡು ಹೋಗಿ 2013ರ ಪುಸ್ತಕ ತೆಗೆದು ಕೊಟ್ಟೆ. ಅವನು ಪುಟವನ್ನು ಕಿಟಕಿ ಬೆಳಕಿಗೆ ಓರೆ ಹಿಡಿದ. ಇ-6ರ ಅಡಿಯಲ್ಲಿ ಮೊದಲು ಬರೆದು ಅಳಿಸಿದ 1-ಬಿ, ಅಂದರೆ ಹಿಟ್, ಗುರುತು ಹಾಗೇ ಇತ್ತು. ಸ್ವಲ್ಪ ಹೊತ್ತು ನೋಡಿದ. ಪುಸ್ತಕ ಮುಚ್ಚಿ ನನ್ನ ಕೈಗೆ ವಾಪಸ್ ಕೊಟ್ಟ.

"ಅವನಿಗೆ ಮಾತ್ರ ಹೇಳಬೇಡಿ ಕೋಚ್," ಅಂದ.