ಅಂಬಾಸಿಡರ್: ಹಿಂದಿನ ಸೀಟಿನವರ ಹೊಗಳಿಕೆ, ಸ್ಟೀರಿಂಗ್ ಹಿಡಿದವರ ದೂರು

ನನ್ನ ಹತ್ತಿರ ಇರುವುದು ಅಂಬಾಸಿಡರ್ 1800 ಐಎಸ್‌ಝಡ್. ತೊಂಬತ್ತರ ದಶಕದ ಗಾಡಿ. ಜಪಾನಿನ ಇಸುಜು ಕಂಪನಿಯ ಪೆಟ್ರೋಲ್ ಇಂಜಿನ್, ನೆಲದಿಂದ ಮೇಲೆ ಬರುವ ಫ್ಲೋರ್ ಗೇರ್, ಬಿಳಿ ಬಣ್ಣ. ಸಿಗ್ನಲ್‌ನಲ್ಲಿ ನಿಂತರೆ ಪಕ್ಕದ ಬೈಕಿನವರು ಕಿಟಕಿಯತ್ತ ಬಗ್ಗಿ ಒಂದೇ ಮಾತು ಹೇಳುತ್ತಾರೆ: "ಗಟ್ಟಿ ಗಾಡಿ ಅಲ್ವಾ ಸಾರ್, ಇದಕ್ಕೆ ಏನೂ ಆಗಲ್ಲ." ನಾನು ಹೂಂ ಅನ್ನುತ್ತೇನೆ. ಪೂರ್ತಿ ಉತ್ತರ ಕೊಡುವಷ್ಟರಲ್ಲಿ ಸಿಗ್ನಲ್ ಬಿಟ್ಟಿರುತ್ತದೆ.

ಪೂರ್ತಿ ಉತ್ತರ ಸ್ವಲ್ಪ ಉದ್ದ ಇದೆ. ಅಂಬಾಸಿಡರ್ ಗಟ್ಟಿ ಅನ್ನುವುದು ನಿಜ. ಆದರೆ ಗಟ್ಟಿ ಇರುವುದು ಬೇರೆ, ಕೈಕೊಡದೆ ಇರುವುದು ಬೇರೆ. ಈ ಕಾರಿಗೆ ಒಳ್ಳೆ ಹೆಸರು ತಂದುಕೊಟ್ಟವರು ಹಿಂದಿನ ಸೀಟಿನಲ್ಲಿ ಕೂತವರು. ಮಂತ್ರಿ, ಜಿಲ್ಲಾಧಿಕಾರಿ, ದೊಡ್ಡ ಡಾಕ್ಟರು, ಮದುವೆ ದಿನದ ಹುಡುಗ ಹುಡುಗಿ. ಅವರು ಬಂದು ಹತ್ತುವ ಹೊತ್ತಿಗೆ ಗಾಡಿ ತೊಳೆದಿರುತ್ತಿತ್ತು, ನೀರು ಆಯಿಲ್ ನೋಡಿ ಆಗಿರುತ್ತಿತ್ತು, ಇಂಜಿನ್ ಬಿಸಿಯಾಗಿರುತ್ತಿತ್ತು. ಕಾಲು ಚಾಚಿ ಕೂತು ಇಳಿದು ಹೋದರು. ಗಾಡಿ ಯಾವತ್ತೂ ಕೈಕೊಟ್ಟಿಲ್ಲ ಅಂದರು. ಕೈಕೊಡದ ಹಾಗೆ ನೋಡಿಕೊಂಡವರು ಡ್ರೈವರ್‌ಗಳು ಮತ್ತು ಮೆಕ್ಯಾನಿಕ್‌ಗಳು. ಅವರನ್ನು ಯಾರೂ ಕೇಳಲಿಲ್ಲ. ನಮ್ಮಪ್ಪ ಸರ್ಕಾರಿ ಇಲಾಖೆಯೊಂದರಲ್ಲಿ ಡ್ರೈವರ್ ಆಗಿದ್ದವರು, ಹಾಗಾಗಿ ನಾನು ಈ ಕಾರನ್ನು ಬಾನೆಟ್ ಕಡೆಯಿಂದಲೇ ಮೊದಲು ನೋಡಿದವನು.

ಇದರ ಕಥೆ ಗೊತ್ತಿಲ್ಲದೆ ದೂರುಗಳು ಅರ್ಥವಾಗುವುದಿಲ್ಲ. 1942ರಲ್ಲಿ ಬಿ.ಎಂ. ಬಿರ್ಲಾ ಗುಜರಾತಿನ ಓಖಾ ಬಂದರಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಶುರು ಮಾಡಿದರು. 1948ರಲ್ಲಿ ಕಾರ್ಖಾನೆ ಪಶ್ಚಿಮ ಬಂಗಾಳದ ಹೂಗ್ಲಿ ಜಿಲ್ಲೆಯ ಉತ್ತರಪಾರಾಕ್ಕೆ ಹೋಯಿತು. ಮೊದಲಿಂದಲೂ ಇಂಗ್ಲೆಂಡಿನ ಮೋರಿಸ್ ಕಾರುಗಳನ್ನು ಇಲ್ಲಿ ಬೇರೆ ಹೆಸರಿಟ್ಟು ಮಾಡುತ್ತಿದ್ದರು. ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 2 ನಮ್ಮಲ್ಲಿ ಲ್ಯಾಂಡ್‌ಮಾಸ್ಟರ್ ಆಯಿತು. ಸೀರೀಸ್ 3 ಅಂಬಾಸಿಡರ್ ಆಗಿ 1957-58ರಲ್ಲಿ ಬಂತು. ಇಂಗ್ಲೆಂಡಿನವರು ಆ ಮಾಡೆಲ್ಲನ್ನು ಕೆಲವೇ ವರ್ಷಕ್ಕೆ ಬಿಟ್ಟು ಮುಂದೆ ಹೋದರು. ನಾವು ಅದನ್ನೇ 2014ರ ತನಕ ಮಾಡಿದೆವು. ಮಾರ್ಕ್ 2, ಮಾರ್ಕ್ 3, ಮಾರ್ಕ್ 4, ನೋವಾ, ಗ್ರ್ಯಾಂಡ್, ಅವಿಗೋ ಅಂತ ಹೆಸರು ಬದಲಾಗುತ್ತಾ ಹೋಯಿತು. ಗ್ರಿಲ್ ಬದಲಾಯಿತು, ಡ್ಯಾಶ್‌ಬೋರ್ಡ್ ಬದಲಾಯಿತು. ಆ ಗುಂಡಗಿನ ಬಾಡಿ ಮಾತ್ರ ಅಲ್ಲಾಡಲಿಲ್ಲ.

ಯಾಕೆ ಬದಲಾಗಬೇಕಿತ್ತು, ಹೇಳಿ? ಏನು ತಯಾರಿಸಲೂ ಸರ್ಕಾರದ ಅನುಮತಿ ಬೇಕಿದ್ದ ಲೈಸೆನ್ಸ್ ರಾಜ್ ಕಾಲದಲ್ಲಿ ಕಾರು ಬೇಕು ಅಂದರೆ ಅಂಬಾಸಿಡರ್, ಇಲ್ಲವೇ ಫಿಯಟ್ ಅಂದರೆ ಆಮೇಲಿನ ಪ್ರೀಮಿಯರ್ ಪದ್ಮಿನಿ, ಅದೂ ಬೇಡವಾದರೆ ಸ್ಟ್ಯಾಂಡರ್ಡ್ ಕಂಪನಿಯ ಕಾರು. ಅಷ್ಟೇ ಅಂಗಡಿ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹೊಸದಕ್ಕಿಂತ ಬಳಸಿದ ಗಾಡಿಗೆ ಜಾಸ್ತಿ ರೇಟು ಸಿಗುತ್ತಿದ್ದ ಕಾಲ ಅದು. ಎಷ್ಟೇ ಬೇಸರವಾದರೂ ಗಿರಾಕಿ ಇನ್ನೊಂದು ಕಡೆ ಹೋಗುವ ಹಾಗಿರಲಿಲ್ಲ. ಹೊಸ ಕಾರನ್ನು ಶೋರೂಮಿನಿಂದ ನೇರ ಗೊತ್ತಿರುವ ಗ್ಯಾರೇಜಿಗೆ ಒಯ್ದು ನಟ್ಟು ಬೋಲ್ಟು ಬಿಗಿ ಮಾಡಿಸುವುದು ಆಗ ಮಾಮೂಲಾಗಿತ್ತು. ಯಾರಿಗೂ ಅದು ವಿಚಿತ್ರ ಅನ್ನಿಸುತ್ತಿರಲಿಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದ ಮೇಲೆ ಜನರಿಗೆ ಅಳತೆಗೋಲು ಸಿಕ್ಕಿತು. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟ್ ಆಗುವ ಕಾರು ಇರಬಹುದು ಅನ್ನುವುದೇ ಆಗ ದೊಡ್ಡ ಸುದ್ದಿ.

ಸರಿ, ದೂರುಗಳಿಗೆ ಬರೋಣ. ಇವು ನನ್ನ ಗಾಡಿಯ ಕಥೆ ಅಲ್ಲ, ಹಳೆ ಅಂಬಾಸಿಡರ್ ಡ್ರೈವರ್‌ಗಳು ನಾಲ್ಕು ಜನ ಸೇರಿದರೆ ಬರುವ ಮಾತುಗಳು.

ಮೊದಲನೆಯದು ಹ್ಯಾಂಡ್ ಗೇರ್. ಸ್ಟೀರಿಂಗ್ ಕಂಬದ ಪಕ್ಕದ ಗೇರ್ ಲಿವರ್‌ನಿಂದ ಗೇರ್‌ಬಾಕ್ಸ್‌ವರೆಗೆ ಸರಳುಗಳು, ನಡುವೆ ಸಣ್ಣ ಬಳೆಯಂಥ ಬುಷ್‌ಗಳು. ಬುಷ್ ಸವೆದರೆ ಎರಡು ಗೇರ್ ನಡುವೆ ಲಿವರ್ ಸಿಕ್ಕಿಕೊಳ್ಳುತ್ತದೆ. ಟ್ರಾಫಿಕ್ ಮಧ್ಯೆ ಇಳಿದು, ಬಾನೆಟ್ ಎತ್ತಿ, ಕೈಯಲ್ಲೇ ಸರಳು ಎಳೆದು ಬಿಡಿಸಬೇಕು. ಹಿಂದಿನವರು ಹಾರನ್ ಹೊಡೆಯುತ್ತಲೇ ಇರುತ್ತಾರೆ. ಮುಂದೆ ಮೂವರು ಕೂರುವ ಉದ್ದ ಸೀಟು ಸಿಕ್ಕಿದ್ದು ಇದೇ ಹ್ಯಾಂಡ್ ಗೇರ್‌ನಿಂದ, ಅದನ್ನೂ ಮರೆಯಬಾರದು. ತಲಾ ಇಷ್ಟು ಅಂತ ದುಡ್ಡು ಕೊಟ್ಟು ಹತ್ತುವ ಕರಾವಳಿಯ ಸರ್ವಿಸ್ ಕಾರುಗಳಲ್ಲಿ ಮುಂದೆ ಎಷ್ಟು ಜನ ಕೂರುತ್ತಿದ್ದರು ಅನ್ನುವುದನ್ನು ಆ ಕಡೆಯವರೇ ಹೇಳಲಿ. ಡ್ರೈವರ್ ಅರ್ಧ ಬಾಗಿಲಿಗೆ ಒರಗಿಕೊಂಡು ಓಡಿಸುತ್ತಿದ್ದುದಂತೂ ಸುಳ್ಳಲ್ಲ.

ಎರಡನೆಯದು ಬಿಸಿ. ಹಳೆ 1489 ಸಿಸಿ ಪೆಟ್ರೋಲ್ ಇಂಜಿನ್ನಿನಲ್ಲಿ ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪೈಪಿನೊಳಗೇ ಕುದಿದು ಆವಿಯಾಗುತ್ತದೆ. ಪಂಪಿಗೆ ದ್ರವ ತಳ್ಳಲು ಬರುತ್ತದೆ, ಆವಿ ತಳ್ಳಲು ಬರುವುದಿಲ್ಲ. ಇಂಜಿನ್ ನಿಂತುಬಿಡುತ್ತದೆ. ಮದ್ದು ಸುಲಭ: ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ, ಒಂದು ಕಾಫಿ ಕುಡಿಯುವಷ್ಟು ಹೊತ್ತು ಕಾಯುವುದು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಬಾನೆಟ್ ಎತ್ತಿ ನಿಂತ ಅಂಬಾಸಿಡರ್ ನೋಡದವರು ನನ್ನ ವಯಸ್ಸಿನವರಲ್ಲಿ ಕಮ್ಮಿ. ಆ ಡ್ರೈವರ್‌ಗಳ ಡಿಕ್ಕಿಯಲ್ಲಿ ಸ್ಟೆಪ್ನಿ ಜೊತೆ ನೀರಿನ ಕ್ಯಾನು, ಫ್ಯಾನ್ ಬೆಲ್ಟ್, ಇಂಜಿನ್ನಿಗೆ ಕಿಡಿ ಕೊಡುವ ಡೆಲ್ಕೋ ಪಾಯಿಂಟು ಯಾವಾಗಲೂ ಇರುತ್ತಿತ್ತು.

ಆಮೇಲೆ ಸ್ಟೀರಿಂಗ್ ಮತ್ತು ಮುಂದಿನ ಚಕ್ರ. ಮುಂದಿನ ಚಕ್ರ ತಿರುಗಲು ಆಧಾರವಾದ ಕಿಂಗ್ ಪಿನ್‌ಗೆ ಹೊತ್ತು ಹೊತ್ತಿಗೆ ಗ್ರೀಸ್ ಹೊಡೆಸಬೇಕು. ಈಗಿನ ಕಾರು ಓಡಿಸುವವರಿಗೆ ಗ್ರೀಸ್ ಗನ್ ಅಂದರೆ ಏನು ಅಂತಲೇ ಗೊತ್ತಿಲ್ಲ. ಬಿಟ್ಟರೆ ಸವೆದು ಸ್ಟೀರಿಂಗ್‌ನಲ್ಲಿ ಪ್ಲೇ, ಅಂದರೆ ಸಡಿಲ, ಬರುತ್ತದೆ, ಗಾಡಿ ತನಗೆ ಬೇಕಾದ ಕಡೆ ಹೋಗುತ್ತದೆ. ಮುಂದೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಟಾರ್ಷನ್ ಬಾರ್, ಹಿಂದೆ ಲೀಫ್ ಸ್ಪ್ರಿಂಗ್ ಪಟ್ಟಿ. ಹಳ್ಳದ ರಸ್ತೆಯಲ್ಲಿ ಇದಕ್ಕಿಂತ ಸುಖ ಇಲ್ಲ, 15 ಇಂಚಿನ ಚಕ್ರ ಬೇರೆ. ವೇಗದಲ್ಲಿ ತಿರುವು ತೆಗೆದರೆ ಮಾತ್ರ ದೋಣಿ ವಾಲಿದ ಹಾಗೆ ವಾಲುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಮುಂದಕ್ಕೆ ಡಿಸ್ಕ್ ಬ್ರೇಕ್ ಬಂದಿದ್ದು ತುಂಬಾ ತಡವಾಗಿ. ಘಾಟಿ ಇಳಿಯುವಾಗ ಬ್ರೇಕನ್ನೇ ನಂಬಿಕೊಂಡರೆ ಡ್ರಮ್ ಕಾದು ಹಿಡಿತ ಹೋಗುತ್ತದೆ. ಹತ್ತಿದ ಗೇರಿನಲ್ಲೇ ಇಳಿ ಅಂತ ಹಳಬರು ಹೇಳುತ್ತಿದ್ದುದು ಅದಕ್ಕೇ.

ಮಳೆಗಾಲದಲ್ಲಿ ಗ್ಲಾಸಿನ ರಬ್ಬರ್ ಸಂದಿಯಿಂದ ನೀರು ಇಳಿದು ಕಾಲಡಿ ಮ್ಯಾಟ್ ನೆನೆಯುವುದು, ಅಡಿಯಲ್ಲಿ ಆಯಿಲ್ ತೊಟ್ಟಿಕ್ಕುವುದು, ಬಾಗಿಲು ಎರಡು ಸಲ ಬಡಿಯಬೇಕಾಗುವುದು, ಇವನ್ನೆಲ್ಲ ದೂರು ಅಂತ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಒಂದು ಮಾತು ಮಾತ್ರ ಸ್ವಲ್ಪ ಒತ್ತಿ ಹೇಳಬೇಕು. "ಅಂಬಾಸಿಡರ್ ಚಾಸಿಸ್ ಅಂದರೆ ಚಾಸಿಸ್" ಅಂತ ಹೊಗಳುವವರು ಬಹಳ. ಲಾರಿ, ಜೀಪಿಗೆ ಇರುವ ಹಾಗೆ ಇದಕ್ಕೆ ಅಡಿಯಲ್ಲಿ ಬೇರೆ ಚೌಕಟ್ಟು, ಅಂದರೆ ಚಾಸಿಸ್ಸೇ ಇಲ್ಲ! ಬಾಡಿಯೇ ಚಾಸಿಸ್, ಈಗಿನ ಕಾರುಗಳ ಹಾಗೆ. ತಗಡು ದಪ್ಪ, ಅದಕ್ಕೆ ಗಟ್ಟಿ ಅನ್ನಿಸುತ್ತದೆ. ಹಾಗಾಗಿ ಬಾಗಿಲಿನ ಕೆಳಗಿನ ಪಟ್ಟಿಗೆ, ನೆಲದ ತಗಡಿಗೆ ತುಕ್ಕು ಹಿಡಿದರೆ ಅದು ಬರೀ ಅಂದದ ಪ್ರಶ್ನೆ ಅಲ್ಲ. ಗಾಡಿಯ ಬೆನ್ನು ಮೂಳೆಯೇ ಹೋದ ಲೆಕ್ಕ. ಮೇಲೆ ಪಳಪಳ ಪೇಂಟ್ ಇರುತ್ತದೆ, ಕೆಳಗೆ ಬೆರಳು ಹಾಕಿದರೆ ತೂತು. ಹಳೆ ಅಂಬಾಸಿಡರ್ ಕೊಂಡವರ ದೊಡ್ಡ ಖರ್ಚು ಇಂಜಿನ್ನಿನದ್ದಲ್ಲ, ತಗಡು ಬೆಸೆದು ತಟ್ಟುವ ಟಿಂಕರಿಂಗ್‌ನದ್ದು.

ಯಾವ ಮಾಡೆಲ್ ಪರವಾಗಿಲ್ಲ? ಹಳೆ ಪೆಟ್ರೋಲ್ ಇಂಜಿನ್ ಸರಳ, ಆದರೆ ಬಡಪಾಯಿ. 1980ರ ಸುಮಾರಿಗೆ ಬಂದ ಡೀಸೆಲ್ ಟ್ಯಾಕ್ಸಿಯವರ ಹೊಟ್ಟೆ ತುಂಬಿಸಿತು. ಆದರೆ 37 ಅಶ್ವಶಕ್ತಿಯಲ್ಲಿ ಅಷ್ಟು ತೂಕ ಎಳೆಯಬೇಕಲ್ಲ, ಲಾರಿ ಹಿಂದಿಕ್ಕಬೇಕಾದರೆ ಮುಂಚೆಯೇ ಯೋಚಿಸಿ ಇಟ್ಟುಕೊಂಡಿರಬೇಕು. ಸದ್ದಿನ ವಿಷಯ ಕೇಳಲೇಬೇಡಿ. ತೊಂಬತ್ತರ ದಶಕದ ಆರಂಭದಲ್ಲಿ ಬಂದ ಇಸುಜು 1817 ಸಿಸಿ ಪೆಟ್ರೋಲ್ ಇಂಜಿನ್ ಮಾತ್ರ ಬೇರೆಯೇ ದರ್ಜೆ. ಅದೇ ಕಂಪನಿಯ ದೊಡ್ಡ ಕಾರು ಕಾಂಟೆಸ್ಸಾಗೆ ಹಾಕುತ್ತಿದ್ದದ್ದೂ ಇದೇ. 75 ಅಶ್ವಶಕ್ತಿ, ಐದು ಗೇರ್. ಆಗಿನ ಸಣ್ಣ ಕಾರುಗಳಿಗೆಲ್ಲ ಬೆವರಿಳಿಸುತ್ತಿತ್ತು. ನಾನು ಇದನ್ನೇ ಇಟ್ಟುಕೊಂಡಿರುವುದಕ್ಕೆ ಕಾರಣವೂ ಅದೇ. ಸೆಲ್ಫ್ ಹೊಡೆದರೆ ಹಿಡಿದುಕೊಳ್ಳುತ್ತದೆ, ನಾಲ್ಕನೇ ಗೇರಿನಲ್ಲೇ ಚಡಾವು ಹತ್ತುತ್ತದೆ, ಹೆದ್ದಾರಿಯಲ್ಲಿ ಬಸ್ಸಿನ ಹಿಂದೆ ಕೊರಗಬೇಕಿಲ್ಲ. ಕುಡಿಯುವುದು ಜಾಸ್ತಿ. ಲೀಟರಿಗೆ 9-10 ಕಿಲೋಮೀಟರ್ ಕೊಟ್ಟರೆ ಖುಷಿಪಡಬೇಕು. ಇಂಜಿನ್ ಇಷ್ಟು ಚುರುಕು ಮಾಡಿದವರು ಅದೇ ಕೈಯಲ್ಲಿ ಬ್ರೇಕೂ ಸ್ಟೀರಿಂಗೂ ಅದಕ್ಕೆ ತಕ್ಕ ಹಾಗೆ ಬದಲಾಯಿಸಬಹುದಿತ್ತು ಅನ್ನುವುದು ನನ್ನ ಅಭಿಪ್ರಾಯ.

ಈಗ ಇಟ್ಟುಕೊಳ್ಳುವವರ ಪಾಡು. ಬಿಡಿಭಾಗ ಸಿಗುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತದೆ. ಬೆಂಗಳೂರಿನಲ್ಲಾದರೆ ಜೆ.ಸಿ. ರಸ್ತೆ, ಹಳೇ ಮಾಲು ಬೇಕಾದರೆ ಶಿವಾಜಿನಗರದ ಗುಜರಿ, ಎಲ್ಲೂ ಇಲ್ಲದ್ದು ಬೇಕಾದರೆ ಕೋಲ್ಕತ್ತಾದ ಮಲ್ಲಿಕ್ ಬಜಾರ್. ತೊಂದರೆ ಇರುವುದು ಗುಣಮಟ್ಟದಲ್ಲಿ. ಒಂದು ಅಂಗಡಿಯವರು ಒರಿಜಿನಲ್ ಅಂತ ಕೊಟ್ಟ ಸಸ್ಪೆನ್ಷನ್ ಬುಷ್‌ಗಳು ಒಂದು ಮಳೆಗಾಲ ಕಳೆಯುವುದರೊಳಗೆ ಪುಡಿಯಾದವು. ವಾಪಸ್ ಒಯ್ದರೆ "ಗಾಡಿ ಹಳೇದಲ್ವಾ ಸಾರ್" ಅಂದರು. ಬುಷ್ ಹೊಸದಿತ್ತಲ್ಲ ಅಂದೆ. ಅದಕ್ಕೆ ಉತ್ತರ ಬರಲಿಲ್ಲ. ಹಾಗಾಗಿ ಈಗ ರಬ್ಬರ್ ಸಾಮಾನಿನ ವಿಷಯದಲ್ಲಿ ಮೆಕ್ಯಾನಿಕ್ ಒತ್ತಿ ನೋಡಿ ಒಪ್ಪದೆ ದುಡ್ಡು ಕೊಡುವುದಿಲ್ಲ. ಆ ಮೆಕ್ಯಾನಿಕ್ಕೇ ನಿಜವಾದ ಬಿಡಿಭಾಗ. ಸದ್ದು ಕೇಳಿ ಕಿವಿಯಲ್ಲೇ ಟ್ಯಾಪೆಟ್ (ವಾಲ್ವಿನ ಸಂದಿ) ಸೆಟ್ ಮಾಡುವ ಮನುಷ್ಯ. ಅವರ ಹುಡುಗರು ಲ್ಯಾಪ್‌ಟಾಪ್ ಸಿಕ್ಕಿಸದ ಗಾಡಿಯನ್ನು ಮುಟ್ಟುವುದೇ ಇಲ್ಲ.

ಪೆಟ್ರೋಲಿನದ್ದು ಹೊಸ ತಲೆನೋವು. ಈಗ ಬಂಕುಗಳಲ್ಲಿ ಸಿಗುವುದು 20% ಎಥೆನಾಲ್ ಬೆರೆತ ಪೆಟ್ರೋಲ್. ಈ ಕಾರಿನ ಕಾಲದಲ್ಲಿ ಅದರ ಕಲ್ಪನೆಯೇ ಇರಲಿಲ್ಲ. ಎಥೆನಾಲ್ ಹಳೆ ರಬ್ಬರ್ ಪೈಪನ್ನೂ ಪಂಪಿನೊಳಗಿನ ರಬ್ಬರ್ ಪೊರೆ ಡಯಾಫ್ರಾಮನ್ನೂ ತಿನ್ನುತ್ತದೆ, ತೇವ ಎಳೆದುಕೊಂಡು ಟ್ಯಾಂಕಿಗೆ ತುಕ್ಕು ತರುತ್ತದೆ. ಪೈಪುಗಳನ್ನು ಎಥೆನಾಲ್ ತಡೆಯುವ ಜಾತಿಯದ್ದಕ್ಕೆ ಬದಲಾಯಿಸಿ. ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಸುಮ್ನೆ ನಿಲ್ಲಿಸಬೇಡಿ.

ಆರ್‌ಟಿಒ ವಿಷಯ ಚಿಕ್ಕದಾಗಿ ಹೇಳುತ್ತೇನೆ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು, ಗಾಡಿ ತೋರಿಸಬೇಕು, ಹಸಿರು ತೆರಿಗೆ ಕಟ್ಟಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ನವೀಕರಣ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. 20 ವರ್ಷ ದಾಟಿದ ಗಾಡಿಗೆ ಈಗ ಅದಕ್ಕಿಂತಲೂ ಜಾಸ್ತಿ.

ಕಂಪನಿ ಕಡೆಯಿಂದ ಏನನ್ನೂ ನಿರೀಕ್ಷಿಸಬೇಡಿ. 1980ರ ದಶಕದಲ್ಲಿ ವರ್ಷಕ್ಕೆ 20,000ಕ್ಕೂ ಹೆಚ್ಚು ಅಂಬಾಸಿಡರ್ ಮಾರುತ್ತಿದ್ದ ಕಾರ್ಖಾನೆ 2013-14ರಲ್ಲಿ ಮಾರಿದ್ದು ಸುಮಾರು 2,200. 2014ರ ಮೇ ತಿಂಗಳಲ್ಲಿ ಉತ್ತರಪಾರಾದ ಗೇಟಿಗೆ ಕೆಲಸ ಸ್ಥಗಿತದ ನೋಟಿಸ್ ಅಂಟಿಸಿದರು. ಎರಡು ಸಾವಿರಕ್ಕೂ ಹೆಚ್ಚು ಕಾರ್ಮಿಕರ ಕೆಲಸ ನಿಂತಿತು. ತಮಾಷೆ ಅಂದರೆ ಅದರ ಹಿಂದಿನ ವರ್ಷವಷ್ಟೇ ಬಿಬಿಸಿಯ ಟಾಪ್ ಗೇರ್ ಕಾರ್ಯಕ್ರಮ ಇದನ್ನು ಜಗತ್ತಿನ ಅತ್ಯುತ್ತಮ ಟ್ಯಾಕ್ಸಿ ಅಂತ ಆರಿಸಿತ್ತು. ನೋಡಿ, ಮತ್ತೆ ಹಿಂದಿನ ಸೀಟಿನವರೇ! 2017ರಲ್ಲಿ ಅಂಬಾಸಿಡರ್ ಅನ್ನುವ ಹೆಸರನ್ನು ಫ್ರಾನ್ಸಿನ ಪ್ಯೂಜೋ ಕಂಪನಿ 80 ಕೋಟಿಗೆ ಕೊಂಡಿತು. ಎಲೆಕ್ಟ್ರಿಕ್ ಆಗಿ ಬರುತ್ತದೆ ಅಂತ ಆಗಾಗ ಸುದ್ದಿ ಏಳುತ್ತದೆ. ಬಂದಾಗ ನೋಡೋಣ.

ಕೊಳ್ಳಬಹುದಾ? ದಿನಾ ಆಫೀಸಿಗೆ ಹೋಗಲು ಒಂದೇ ಕಾರು ಬೇಕು ಅನ್ನುವವರು ಬೇಡ. ಮನೆಯಲ್ಲಿ ಇನ್ನೊಂದು ಗಾಡಿ ಇದ್ದು, ಹತ್ತಿರದಲ್ಲಿ ಹಳೆ ಮೆಕ್ಯಾನಿಕ್ ಒಬ್ಬರಿದ್ದು, ಭಾನುವಾರ ಕೈಗೆ ಗ್ರೀಸ್ ಮೆತ್ತಿಕೊಳ್ಳಲು ಬೇಸರ ಇಲ್ಲದವರು ಧಾರಾಳವಾಗಿ ತೆಗೆದುಕೊಳ್ಳಿ. 1800 ಐಎಸ್‌ಝಡ್ ಸಿಕ್ಕರೆ ಒಳ್ಳೆಯದು. ನೋಡಲು ಹೋದಾಗ ಮೊದಲು ಇಂಜಿನ್ ಸ್ಟಾರ್ಟ್ ಮಾಡಿಸಬೇಡಿ. ಮ್ಯಾಟ್ ಎತ್ತಿ ನೆಲದ ತಗಡು ನೋಡಿ. ಜ್ಯಾಕ್ ಹಾಕುವ ಜಾಗದಲ್ಲಿ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಎದುರಿನಿಂದ ನೋಡಿದಾಗ ಒಂದು ಕಡೆ ತಗ್ಗಿದ್ದರೆ ಟಾರ್ಷನ್ ಬಾರ್ ಕೆಲಸ ಇದೆ ಅಂತ ಅರ್ಥ. ಕೊನೆಗೆ ಆರ್‌ಸಿಯಲ್ಲಿರುವ ಇಂಜಿನ್ ನಂಬರನ್ನು ಗಾಡಿಯ ಇಂಜಿನ್ ಮೇಲಿರುವುದರ ಜೊತೆ ತಾಳೆ ನೋಡಿ. ಇವಕ್ಕೆ ಇಂಜಿನ್ ಬದಲಾಯಿಸಿದವರು ಬಹಳ ಜನ, ಅದನ್ನು ಆರ್‌ಟಿಒದಲ್ಲಿ ಬರೆಸಿದವರು ಕಮ್ಮಿ.