ಮೇರಾ ರೇಷನ್ ಆ್ಯಪ್: ಕಾರವಾರದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ರೇಷನ್ ಕಾರ್ಡ್ ಇರುವ ಪ್ರತಿ ಮನೆಯಲ್ಲೂ ಒಬ್ಬರ ಫೋನಿನಲ್ಲಾದರೂ ಈ ಆ್ಯಪ್ ಇರಲಿ. ಕೇಂದ್ರ ಸರ್ಕಾರ ಇದನ್ನು 2021ರ ಮಾರ್ಚ್‌ನಲ್ಲಿ ತಂದಿತು. ನಾನು ಹಳೆಯದನ್ನೂ ಬಳಸಿದ್ದೇನೆ, ಈಗಿನ 2.0 ಕೂಡ ಬಳಸುತ್ತಿದ್ದೇನೆ. ಆಧಾರ್ ನಂಬರ್, ಒಟಿಪಿ ಹಾಕಿದರೆ ಸಾಕು, ಕಾರ್ಡಿನ ವಿವರ ಬರುತ್ತದೆ.

ನಮ್ಮ ಪಾಲು ಎಷ್ಟು, ಹಿಂದಿನ ತಿಂಗಳುಗಳಲ್ಲಿ ಎಷ್ಟು ತಂದಿದ್ದೇವೆ ಅನ್ನೋದು ಇದರಲ್ಲಿ ಕಾಣುತ್ತದೆ. ನನಗೆ ಇದೇ ದೊಡ್ಡದು. ಆಹಾರ ಭದ್ರತಾ ಕಾಯ್ದೆಯಲ್ಲಿ ಬಿಪಿಎಲ್ ಕಾರ್ಡಿಗೆ ತಲೆಗೆ 5 ಕೆಜಿ, ಅಂತ್ಯೋದಯ ಕಾರ್ಡಿಗೆ ಮನೆಗೆ 35 ಕೆಜಿ. 2023ರ ಜನವರಿಯಿಂದ ಇದು ಪೂರ್ತಿ ಉಚಿತ. ನಮ್ಮ ಕೇರಿಯ ಒಬ್ಬ ಅಜ್ಜಿಗೆ ಅಂಗಡಿಯಲ್ಲಿ "ಹೆಬ್ಬೆಟ್ಟು ಒತ್ತಿ ಹೋಗಿ, ಅಕ್ಕಿ ಆಮೇಲೆ" ಅಂದಿದ್ದರು. ಆ್ಯಪ್ ತೆರೆದರೆ ಅಕ್ಕಿ ಕೊಟ್ಟಾಗಿದೆ ಅಂತಲೇ ಇತ್ತು. ಅದನ್ನು ತೋರಿಸಿ ಕೇಳಿದೆವು, ಅವತ್ತೇ ಅಕ್ಕಿ ಸಿಕ್ಕಿತು. ಜೂನ್, ಜುಲೈನಲ್ಲಿ ಬೋಟ್ ಬಂದ್ ಇರುವಾಗ ಮೀನುಗಾರರ ಮನೆಗಳಲ್ಲಿ ಈ ಅಕ್ಕಿಯ ಮೇಲೇ ಒಲೆ ಹೊತ್ತುವುದು. ಒಂದು ತಿಂಗಳ ಪಾಲು ತಪ್ಪಿದರೂ ಸಾಲ ಮಾಡಬೇಕಾಗುತ್ತದೆ.

ಮಾಜಾಳಿ ದಾಟಿದರೆ ಗೋವಾ, ಅಲ್ವಾ? ಅಲ್ಲಿ ಕೆಲಸಕ್ಕಿರುವ ನಮ್ಮವರು ಬಹಳ. 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಗೆ ಎರಡೂ ರಾಜ್ಯ 2020ರ ಜನವರಿಯಲ್ಲೇ ಸೇರಿವೆ. ಹಾಗಾಗಿ ಮಡಗಾಂವ್‌ನಲ್ಲಿ ಇರುವವರು ಹತ್ತಿರದ ಅಂಗಡಿಯನ್ನು ಆ್ಯಪ್‌ನಲ್ಲೇ ಹುಡುಕಿ ಒಂದಿಷ್ಟು ಅಲ್ಲಿ ತೆಗೆದುಕೊಳ್ಳಬಹುದು. ಉಳಿದದ್ದನ್ನು ಊರಿನಲ್ಲಿರುವವರು ತರಬಹುದು. ಆದರೆ ಅಲ್ಲಿ ಸಿಗುವುದು ಕೇಂದ್ರದ ಪಾಲು ಮಾತ್ರ. ನಮ್ಮ ರಾಜ್ಯ ಅದಕ್ಕೆ ಸೇರಿಸಿ ಕೊಡುವುದು ಇಲ್ಲೇ ಸಿಗುತ್ತದೆ.

ಕಷ್ಟ ಇರುವುದು ಒಟಿಪಿಯದ್ದು. ವಯಸ್ಸಾದವರ ಆಧಾರಿಗೆ ಬೆಂಗಳೂರಿನ ಮಗನ ನಂಬರ್ ಇರುತ್ತದೆ, ಇಲ್ಲಾ ಯಾವತ್ತೋ ಬಂದ್ ಆದ ಸಿಮ್ಮಿನ ನಂಬರ್. ಮೊದಲು ಅದನ್ನು ಸರಿ ಮಾಡಿಸಿ. ಪೋಸ್ಟ್‌ಮ್ಯಾನ್ ಮನೆಗೇ ಬಂದು ನಂಬರ್ ಬದಲಿಸಿಕೊಡುತ್ತಾರೆ, ಅಂಚೆ ಕಚೇರಿಯಲ್ಲಿ ವಿಚಾರಿಸಿ. ಜೋಯಿಡಾ ಕಡೆಯ ಕಾಡಿನ ಊರುಗಳಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಅಲ್ಲಿಯವರಿಗೆ ಪೇಟೆಗೆ ಬಂದಾಗ ಯಾರಾದರೂ ಕೂತು ನೋಡಿಕೊಡಬೇಕು. ಓದಿದ ಹುಡುಗರು ಇದನ್ನು ಖಂಡಿತ ಮಾಡಬೇಕು ಅನ್ನೋದು ನನ್ನ ಆಸೆ.

ಅಕ್ಕಿ ಬಂತಾ ಅಂತ ತಿಳಿಯಲು ನಾನು ಈಗಲೂ ಅಂಗಡಿಗೆ ಫೋನ್ ಮಾಡಿಯೇ ಹೊರಡುವುದು. ಲೋಡ್ ಬಂದ ದಿನ ಫೋನಿಗೆ ಒಂದು ಮೆಸೇಜ್ ಬಂದರೆ ಎಷ್ಟೋ ಜನರ ಒಂದು ದಿನದ ಕೂಲಿ ಉಳಿಯುತ್ತದೆ.

ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ಸುಮ್ನೆ ಬಿಡಬೇಡಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡಿ.