ಹಲ್ಲಿನ ಸೆಟ್ಟು ಮಾಡಿಸುವವರೇ, ಮೇಣದ ಟ್ರಯಲ್‌ನಲ್ಲಿ ಬರೀ ಕನ್ನಡಿ ನೋಡಿ ‘ಹ್ಞೂಂ’ ಅನ್ನಬೇಡಿ

ಮನೆಯಲ್ಲಿ ಯಾರಿಗಾದರೂ ಪೂರ್ತಿ ಹಲ್ಲಿನ ಸೆಟ್ಟು ಮಾಡಿಸುತ್ತಿದ್ದರೆ ಇದನ್ನು ಓದಿಯೇ ಕ್ಲಿನಿಕ್ಕಿಗೆ ಹೋಗಿ. ಅಳತೆ ಎಲ್ಲ ಆದಮೇಲೆ ಮೇಣದಲ್ಲಿ ಹಲ್ಲು ಕೂರಿಸಿ ಬಾಯಿಗೆ ಇಟ್ಟು ನೋಡ್ತಾರಲ್ಲ, ಆ ಟ್ರಯಲ್ಲೇ ಕೊನೇ ಅವಕಾಶ. ಮೇಣದಲ್ಲಿದ್ದಾಗ ಹಲ್ಲನ್ನು ಎತ್ತಿ ಬೇರೆ ಕಡೆ ಕೂರಿಸಬಹುದು. ಮೇಣ ತೆಗೆದು ಅದರ ಜಾಗಕ್ಕೆ ಅಕ್ರಿಲಿಕ್ (ಸೆಟ್ಟಿನ ಗಟ್ಟಿ ಪ್ಲಾಸ್ಟಿಕ್) ತುಂಬಿ ಬೇಯಿಸಿದ ಮೇಲೆ ಅಷ್ಟಿಷ್ಟು ಉಜ್ಜುವುದು ಬಿಟ್ಟರೆ ಹೆಚ್ಚೇನೂ ಆಗಲ್ಲ.

ನಮ್ಮಮ್ಮನಿಗೆ ಆ ಡಾಕ್ಟರು ಮಾಡಿದ ಟ್ರಯಲ್ ಅಂದರೆ ಕೈಗೆ ಕನ್ನಡಿ ಕೊಟ್ಟದ್ದು. ಅಷ್ಟೇ! “ಚೆನ್ನಾಗಿ ಕಾಣ್ತಿದೀರಿ ಅಮ್ಮಾ, ಓಕೆ ತಾನೆ?” ಕಾಗದಕ್ಕೆ ಸಹಿ, ಉಳಿದ ದುಡ್ಡು. ಮಾತಾಡಿಸಲಿಲ್ಲ, ಅಳೆಯಲಿಲ್ಲ. ತುಟಿ ಮುಚ್ಚೋಕೆ ಕಷ್ಟ ಆಗ್ತಿದೆ ಅಂದರೆ, “ಇದು ಮೇಣ ಅಮ್ಮಾ, ಫೈನಲ್‌ನಲ್ಲಿ ಸರಿಹೋಗುತ್ತೆ.”

ಟೋಪಿ ಬಿದ್ದದ್ದು ಇಲ್ಲೇ. ಟ್ರಯಲ್ ಪ್ಲೇಟು ಸ್ವಲ್ಪ ಸಡಿಲ ಇರುತ್ತೆ, ಫೈನಲ್‌ನಲ್ಲಿ ಹಿಡಿತ ಸುಧಾರಿಸುತ್ತೆ, ಅದು ನಿಜ. ಆದರೆ ಎತ್ತರ (ಹಲ್ಲು ಮುಚ್ಚಿದಾಗ ಮೂಗಿಗೂ ಗದ್ದಕ್ಕೂ ಇರೋ ದೂರ) ಮತ್ತು ಕಚ್ಚು (ಮೇಲಿನ ಕೆಳಗಿನ ಹಲ್ಲು ಒಂದಕ್ಕೊಂದು ಕೂಡೋ ರೀತಿ) ಮೇಣದಲ್ಲಿ ಹೇಗಿದೆಯೋ ಹಾಗೇ ಬರೋದು. ತಾನಾಗಿ ವಾಸಿಯಾಗೋಕೆ ಅದೇನು ನೆಗಡಿಯಾ?

ಮೂಗಿನ ತುದಿಗೊಂದು ಗದ್ದಕ್ಕೊಂದು ಚುಕ್ಕೆ ಇಟ್ಟು, ದವಡೆ ಸಡಿಲ ಬಿಟ್ಟಾಗ ಒಮ್ಮೆ, ಹಲ್ಲು ಮುಚ್ಚಿದಾಗ ಒಮ್ಮೆ ಅಳೆಯಬೇಕು. 2ರಿಂದ 4 ಮಿ.ಮೀ. ವ್ಯತ್ಯಾಸ ಇರಬೇಕು. ಆ ಬಿಡುವು ಇಲ್ಲದಿದ್ದರೆ ಮಾತಾಡುವಾಗ ಹಲ್ಲು ಟಕಟಕ ಬಡಿಯುತ್ತೆ, ಮುಖದ ಸ್ನಾಯು ಸೋಲುತ್ತೆ, ವಸಡು ಹುಣ್ಣಾಗುತ್ತೆ. ಅಮ್ಮನಿಗೆ ಮೂರೂ ಆಯಿತು. ನೆಂಟರ ಮುಂದೆ ಬಾಯಿಗೆ ಸೆರಗು ಅಡ್ಡ ಹಿಡಿದು ಮಾತಾಡ್ತಾರೆ. ಬಿಡುವು ಅತಿಯಾದರೂ ಕಷ್ಟವೇ, ಮುಖ ಕುಸಿದು ಬಾಯಿಯ ಮೂಲೆ ಒಡೆಯುತ್ತೆ.

ಹೋಗಿ ಕೇಳಿದ್ದಕ್ಕೆ “ಅಭ್ಯಾಸ ಆಗುತ್ತೆ.” ಮತ್ತೆ ಕೇಳಿದ್ದಕ್ಕೆ “ಮೊದಮೊದಲು ಎಲ್ಲರೂ ಹೀಗೇ ಹೇಳೋದು.” ಆಮೇಲೆ ಹಿಂದಿನ ಹಲ್ಲುಗಳನ್ನು ಉಜ್ಜಿ ಉಜ್ಜಿ ಚಪ್ಪಟೆ ಮಾಡಿದರು, ಈಗ ಸೊಪ್ಪೂ ನುರಿಯಲ್ಲ. ಕೊನೆಗೆ ಆ ಕಾಗದ ಹೊರಗೆ ಬಂತು. “ನೀವೇ ಒಪ್ಪಿ ಸಹಿ ಮಾಡಿದೀರಲ್ಲ? ಹೊಸದಕ್ಕೆ ಬೇರೆ ಚಾರ್ಜು.” ಅಮ್ಮ ಚೆನ್ನಾಗಿದೆ ಅಂದದ್ದು ಬಣ್ಣಕ್ಕೆ ಕಣ್ರೀ, ಮಿಲಿಮೀಟರಿಗಲ್ಲ!

ಸಹಿ ಹಾಕೋ ಮೊದಲು ಇಷ್ಟು ಮಾಡಿಸಿ. ಕೆಳಗಿನ ಪ್ಲೇಟು ಒಂದನ್ನೇ ಹಾಕಿ ನಾಲಿಗೆ ಮೆಲ್ಲಗೆ ಆಡಿಸಿದರೆ ಅದು ಎದ್ದು ಬರಬಾರದು. ‘ಸಾಸಿವೆ, ಸೊಸೆ, ಮೈಸೂರು’ ಅಂದಾಗ ಹಲ್ಲು ಹತ್ತಿರ ಬರಬೇಕು, ತಾಗಬಾರದು. ‘ಫೀಸು, ಫ್ಯಾನು’ ಅಂದಾಗ ಮೇಲಿನ ಮುಂಭಾಗದ ಹಲ್ಲಿನ ಅಂಚು ಕೆಳತುಟಿಯ ಒದ್ದೆ ಭಾಗ ಮುಗಿಯುವ ಗೆರೆಗೆ ಮುಟ್ಟಬೇಕು (‘ಪ್ಯಾನು’ ಅನ್ನುವವರಿಗೆ ಈ ಪರೀಕ್ಷೆ ನಡೆಯಲ್ಲ). ಆಮೇಲೆ ಕಚ್ಚು. ದವಡೆ ಹಿಂದಕ್ಕೆ ಬಿಡಿಸಿ ಮೆಲ್ಲಗೆ ಮುಚ್ಚಿಸಬೇಕು. ಮೊದಲು ತಾಗಿದ ಜಾಗದಿಂದ ಜಾರಿದರೆ, ಪ್ಲೇಟು ಕದಲಿದರೆ ಕಚ್ಚಿನ ಅಳತೆಯೇ ತಪ್ಪು. ಮತ್ತೆ ಅಳತೆ ತೆಗೆದು ಆರ್ಟಿಕ್ಯುಲೇಟರಿಗೆ (ದವಡೆಯ ಅಚ್ಚು ಕೂರಿಸಿ ಅದರ ಚಲನೆ ನೋಡೋ ಉಪಕರಣ) ಹೊಸದಾಗಿ ಏರಿಸಬೇಕು. ಗಟ್ಟಿಯಾಗಿ ಕಚ್ಚಿಸಿದರೆ ಹಲ್ಲು ಮೇಣದೊಳಕ್ಕೆ ಇಳಿದು ತಪ್ಪು ಮುಚ್ಚಿಹೋಗುತ್ತೆ. ಬಾಯಿಯ ಶಾಖಕ್ಕೂ ಮೇಣ ಮೆತ್ತಗಾಗುತ್ತೆ, ನಡುನಡುವೆ ತಣ್ಣೀರಿಗೆ ಹಾಕಬೇಕು. ಬಣ್ಣ ಕಿಟಕಿ ಬೆಳಕಲ್ಲಿ ನೋಡಿ, ಟ್ಯೂಬ್‌ಲೈಟ್ ಕೆಳಗಲ್ಲ.

ತಪ್ಪು ಕಂಡರೆ ಎರಡನೇ ಟ್ರಯಲ್ ಕೇಳಿ. “ಲ್ಯಾಬ್‌ನವರು ಒಪ್ಪಲ್ಲ” ಅಂದರೆ ನಂಬಬೇಡಿ, ಮೇಣದಲ್ಲಿ ಹಲ್ಲು ಮತ್ತೆ ಕೂರಿಸೋದು ಲ್ಯಾಬಿನ ಮಾಮೂಲಿ ಕೆಲಸ. ಪೂರ್ತಿ ದುಡ್ಡು ಮಾತ್ರ ಆವತ್ತು ಕೊಡಬೇಡಿ. ಕೊಟ್ಟಮೇಲೆ ಫೋನ್ ಎತ್ತೋದು ರಿಸೆಪ್ಶನ್ ಹುಡುಗಿ, ಡಾಕ್ಟರಲ್ಲ.